ಎರಡೋ, ಮೂರೋ

2014ರ ಏಪ್ರಿಲ್ ತಿಂಗಳು. ಗದಗಿನ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸಕ್ಕಿದ್ದೆ. ಮುದ್ರಣ ಕಾಶಿ ಅನ್ನಿಸಿಕೊಂಡ ಊರು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಮಠದ ಪುರಾಣ, ಏನಾದರೊಂದು ಯಂತ್ರದ ಮೇಲೆ ಇದ್ದೇ ಇರುತ್ತಿತ್ತು. ಆ ಬೇಸಿಗೆಗೆ ಬಂದದ್ದು ಒಂದು ಹೈಸ್ಕೂಲಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ. ಅದರ ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಯಾದಿ, ಒಟ್ಟು 1,864 ಹೆಸರು. ಅಕಾರಾದಿಯಾಗಿ ಜೋಡಿಸಬೇಕು, ಅಕ್ಷರಕ್ಕೊಂದು ತಲೆಬರಹ ಕೊಡಬೇಕು ಅಂತ ಸಮಿತಿಯವರ ಅಪ್ಪಣೆ.

ಪುಟ ಜೋಡಿಸುವ ಪೇಜ್‌ಮೇಕರ್‌ಗೆ ಹೋಗಬೇಕಾದ್ದರಿಂದ ಹೆಸರುಗಳನ್ನೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೆವು. ಎಕ್ಸೆಲ್‌ಗೆ ಹಾಕಿ ಸಾರ್ಟ್ ಕೊಟ್ಟೆ. ಬಂದದ್ದು ಜಾತ್ರೆ. ಆ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ನಮ್ಮ 'ಕ' ಅದಕ್ಕೆ 'ಪಿ'. ನಮ್ಮ 'ಅ' ಅದಕ್ಕೆ 'ಸಿ'. ಇನ್ನು 'ಮ' ಎಂದರೆ ಅದರ ಲೆಕ್ಕದಲ್ಲಿ 'ವ'ಕ್ಕೆ ಒಂದು ಕೊಂಬು ಹಚ್ಚಿದ್ದು, ಅಷ್ಟೇ. ಮಹೇಶರೂ ವಸಂತರೂ ಒಂದೇ ಸಾಲಿನಲ್ಲಿ ಕಲಸಿ ಕೂತಿದ್ದರು.

ಕೈಯಿಂದ ಜೋಡಿಸಲು ಕೂತರೆ ವಾರ ಬೇಕು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಗೆಳೆಯನಿಗೆ ಫೋನ್ ಹಚ್ಚಿದೆ. "ಲೇ ದೋಸ್ತ, ಇದು ಪೈಥಾನ್‌ನ್ಯಾಗ ಹತ್ತ ಸಾಲಿನ ಕೆಲಸ. ಕಲ್ತಬಿಡು" ಅಂದ. ಬಿ.ಕಾಂ. ಮುಗಿಸಿ ಟೈಪಿಂಗ್‌ಗೆ ಇಳಿದವನು ನಾನು. ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ, ಪ್ರೋಗ್ರಾಮಿಂಗ್ ಎಂದರೆ ಬೇರೆ ಜಾತಿಯವರ ವಿದ್ಯೆ ಅಂದುಕೊಂಡಿದ್ದೆ. ಹತ್ತೇ ಸಾಲು ಅಂದನಲ್ಲ, ಆ ಮಾತಿಗೆ ಬಿದ್ದೆ.

ರಾತ್ರಿ ಪೈಥಾನ್ ತಾಣಕ್ಕೆ ಹೋದರೆ ಅಕ್ಕಪಕ್ಕದಲ್ಲಿ ಎರಡು ಗುಂಡಿ. ಒಂದರ ಮೇಲೆ 3.4.0, ಇನ್ನೊಂದರ ಮೇಲೆ 2.7.6. ಎರಡನ್ನೂ ಇಳಿಸಿಕೊಳ್ಳಬಹುದು, ಎರಡೂ ಜೀವಂತ, ಎರಡರ ಹೆಸರೂ ಪೈಥಾನ್. ನಮ್ಮ ಕಸುಬಿನಲ್ಲಿ ಪೇಜ್‌ಮೇಕರ್ 7 ಬಂದರೆ 6 ಮೂಲೆಗೆ ಬೀಳುತ್ತದೆ. ಇಲ್ಲಿ ನೋಡಿದರೆ ಅಣ್ಣ ತಮ್ಮ ಬೇರೆ ಬೇರೆ ಒಲೆ ಹೂಡಿಕೊಂಡು ಒಂದೇ ಮನೆಯಲ್ಲಿ ಇದ್ದ ಹಾಗೆ.

ದೊಡ್ಡ ಅಂಕಿಯೇ ಹೊಸದಿರಬೇಕು ಅಂತ 3.4 ಇಳಿಸಿದೆ. ಪರಿಚಯದ ಲೆಕ್ಚರರ್ ಒಬ್ಬರು ಕೊಟ್ಟ ಒಂದು ಪುಸ್ತಕವಿತ್ತು. ಮೊದಲ ಪಾಠ, ಪರದೆಯ ಮೇಲೆ ಒಂದು ವಾಕ್ಯ ಮೂಡಿಸುವುದು. ಪ್ರಿಂಟ್ ಅಂತ ಬರೆದು, ಪಕ್ಕಕ್ಕೆ ಉದ್ಧರಣ ಚಿಹ್ನೆಯೊಳಗೆ ಹೆಸರು ಹಾಕಿ ಎಂಟರ್ ಒತ್ತಿದೆ. ವಾಕ್ಯರಚನೆ ತಪ್ಪು ಅಂತು. ಪುಸ್ತಕ ನೋಡಿದೆ, ಅಕ್ಷರ ಅಕ್ಷರವೂ ಸರಿ. ಮತ್ತೆ ಒತ್ತಿದೆ, ಮತ್ತೆ ತಪ್ಪು. ಅರ್ಧ ತಾಸು ಕೀಬೋರ್ಡೇ ಕೆಟ್ಟಿದೆಯೇನೋ ಅಂತ ಗುದ್ದಾಡಿದೆ. ಆ ಪುಸ್ತಕ 2ರದು. 3ರಲ್ಲಿ ಪ್ರಿಂಟ್ ಒಂದು ಫಂಕ್ಷನ್ ಆಗಿದೆ, ಕಂಸ ಬೇಕೇ ಬೇಕು ಅಂತ ತಿಳಿದದ್ದು ಮರುದಿನ. ಮುಂದೆ ಬಂದ ಬಿಡುಗಡೆಗಳಲ್ಲಿ ಪೈಥಾನೇ 'ಕಂಸ ಬಿಟ್ಟಿದ್ದೀಯ' ಅಂತ ಬಾಯಿ ಬಿಟ್ಟು ಹೇಳತೊಡಗಿತು. ನನ್ನಂಥವರು ಊರೂರಲ್ಲೂ ಇದ್ದಿರಬೇಕು.

ಗೆಳೆಯ ಬೈದ. "ನಿನಗ ಮೂರು ಇಳಿಸಿಕೋ ಅಂತ ಯಾರ ಹೇಳಿದ್ರು? ಎರಡ ಕಲಿ. ನಮ್ಮ ಆಫೀಸ್‌ನ್ಯಾಗ ಎಲ್ಲಾ ಎರಡ ಐತಿ. ನಾಳೆ ಕೆಲಸ ಹುಡುಕಾಕ ಹೋದ್ರೂ ಎರಡ ಕೇಳ್ತಾರ." ಅವನ ಕಡೆ ನ್ಯಾಯವಿತ್ತು. ಪೈಥಾನ್ 3.0 ಹೊರಬಿದ್ದದ್ದು 2008ರ ಡಿಸೆಂಬರ್ 3ರಂದು. ಭಾಷೆ ಕಟ್ಟಿದ ಗೀಡೋ ವಾನ್ ರೋಸಮ್ ಮತ್ತು ಸಂಗಡಿಗರು ಹಳೆಯ ತಪ್ಪುಗಳನ್ನು ಒಂದೇ ಏಟಿಗೆ ತಿದ್ದಲು ಹೊರಟು, 2ರಲ್ಲಿ ಬರೆದದ್ದು 3ರಲ್ಲಿ ಹಾಗೇ ಓಡುವುದಿಲ್ಲ ಅಂತ ಗೊತ್ತಿದ್ದೇ ಆ ಹೆಜ್ಜೆ ಇಟ್ಟಿದ್ದರು. ಜನ ಹಿಂದೆ ಬರಲಿಲ್ಲ. ಬಂದರೂ ನಿಧಾನ. ವೆಬ್ ತಾಣ ಕಟ್ಟಲು ಬಳಸುವ ಜ್ಯಾಂಗೋದಂಥ ದೊಡ್ಡ ಚೌಕಟ್ಟು 3ಕ್ಕೆ ಪ್ರಾಯೋಗಿಕ ಬೆಂಬಲ ಕೊಟ್ಟದ್ದೇ 2013ರ ಫೆಬ್ರುವರಿಯಲ್ಲಿ. ಸಾಲದ್ದಕ್ಕೆ, 2015ಕ್ಕೆ ಮುಗಿಯಬೇಕಿದ್ದ 2.7ರ ಆಯುಷ್ಯವನ್ನು 2020ರವರೆಗೆ ಎಳೆದಿರುವ ಸುದ್ದಿ ಅದೇ ಏಪ್ರಿಲ್‌ನಲ್ಲಿ ಬಂತು. "ನೋಡಪಾ, ಇನ್ನೂ ಆರು ವರ್ಷ" ಅಂದ ಗೆಳೆಯ, ಗೆದ್ದವನ ದನಿಯಲ್ಲಿ.

ಲೆಕ್ಚರರ್ ಉಲ್ಟಾ. "ಹೊಸದಾಗಿ ಶುರು ಮಾಡೋರು 3ರಿಂದಲೇ ಶುರು ಮಾಡ್ಬೇಕು, ಪೈಥಾನ್‌ನವರೇ ಎರಡು ಹಳೇದು ಅಂತ ಬರೆದಿದ್ದಾರಲ್ಲ" ಅಂದರು. ಹಾಗಾದರೆ ಈ ಪುಸ್ತಕ ಯಾಕೆ ಕೊಟ್ಟಿರಿ ಸರ್ ಅಂದೆ. ಲೈಬ್ರರಿಯಲ್ಲಿ ಇದ್ದದ್ದು ಅದೊಂದೇ ಅಂದರು. ನೋಡಿ, ಸಲಹೆ 3ರದು, ಕೈಯಲ್ಲಿರುವ ಪುಸ್ತಕ 2ರದು. ಆ ಕಾಲದ ಕಲಿಕೆಯೆಲ್ಲ ಹಾಗೇ ಇತ್ತು. ಆನ್‌ಲೈನ್ ಪಾಠಗಳಲ್ಲೂ ಕೇಳುವ ಪ್ರಶ್ನೆ 3ರಲ್ಲಿ, ಸಿಗುವ ಉತ್ತರ 2ರಲ್ಲಿ.

ಮೂರು ದಿನ ಈ ಎರಡು–ಮೂರರಲ್ಲೇ ಕಳೆದೆ. ಒಂದು ಸಾಲೂ ಕಲಿಯಲಿಲ್ಲ. ಯಾವ ಬಸ್ಸು ಹತ್ತಬೇಕು ಅಂತ ವಿಚಾರಿಸುತ್ತ ಬಸ್‌ಸ್ಟ್ಯಾಂಡಿನಲ್ಲೇ ಚಹಾ ಕುಡಿಯುತ್ತ ಕೂತವನ ಸ್ಥಿತಿ. ಕೊನೆಗೆ ಪುಸ್ತಕವಿದೆಯಲ್ಲ ಎಂಬ ಒಂದೇ ಕಾರಣಕ್ಕೆ 3.4 ತೆಗೆದುಹಾಕಿ 2.7.6 ಹಾಕಿಕೊಂಡೆ. ಪುಸ್ತಕದ ಮೊದಲ ಪಾಠ ಓಡಿತು. ಆಹಾ ಅನ್ನಿಸಿತು.

ಎರಡು ವಾರ ಚೆನ್ನಾಗಿಯೇ ನಡೆಯಿತು. ರಾತ್ರಿ ಎಂಟಕ್ಕೆ ಪ್ರೆಸ್ ಬಂದ್ ಆದ ಮೇಲೆ ಮಾಲಕರ ಅನುಮತಿ ಪಡೆದು ಅಲ್ಲಿಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲೇ ಅಭ್ಯಾಸ. ಮೊದಲ ಸಣ್ಣ ಪೆಟ್ಟು ತಿಂದದ್ದು ಭಾಗಾಕಾರದಲ್ಲಿ. ಪುಟಕ್ಕೆ 40 ಹೆಸರು ಹಾಕಿದರೆ ಯಾದಿಗೆ ಎಷ್ಟು ಪುಟ ಬೇಕು ಅಂತ ಲೆಕ್ಕ ಹಾಕಲು 1864/40 ಕೊಟ್ಟೆ. 46 ಅಂತು. ಮಾಲಕರಿಗೆ 46 ಪುಟ ಅಂತ ಹೇಳಿಯೂಬಿಟ್ಟೆ. ಅವರು ಅನುಭವಸ್ಥರು, ಕಾಗದದ ಮೂಲೆಯಲ್ಲಿ ಪೆನ್ಸಿಲಿನಿಂದ ಗೀಚಿ, "ಉಳಿದ 24 ಮಂದೀನ ಎಲ್ಲಿ ಕುಂಡ್ರಸ್ತೀ?" ಅಂದರು. ಪೈಥಾನ್ 2ರಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ. ಬಾಲ ಕತ್ತರಿಸಿ ಹೋಗುತ್ತದೆ, ಅದೂ ಸದ್ದಿಲ್ಲದೆ. 3ರಲ್ಲಿ ಅದೇ ಲೆಕ್ಕ 46.6 ಕೊಡುತ್ತದೆ. ಬಾಲ ಬೇಡವಾದರೆ ಎರಡು ಓರೆಗೆರೆ ಹಾಕಿ ಕೇಳಬೇಕು. ಅಂದರೆ 47 ಪುಟ, 16 ಪುಟದ ಮೂರು ಫಾರಂ, ಒಂದು ಪುಟ ಖಾಲಿ. ಆ ಖಾಲಿ ಪುಟಕ್ಕೆ ಮಾಲಕರು ಮರುದಿನವೇ ಒಂದು ಜಾಹೀರಾತು ಹಿಡಿದುಕೊಂಡು ಬಂದರು, ಅದು ಬೇರೆ ಮಾತು.

ದೊಡ್ಡ ಪೆಟ್ಟು ಆಮೇಲಿನದು. ನುಡಿಯ ಯಾದಿಯನ್ನು ಪರಿವರ್ತಕಕ್ಕೆ ಹಾಕಿ, ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ಗೆ ಮಾಡಿಕೊಂಡು, ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 (ಆ ಸಂಖ್ಯೆಗಳನ್ನು ಫೈಲಿನಲ್ಲಿ ಬರೆದಿಡುವ ಒಂದು ಪದ್ಧತಿ) ಆಗಿ ಉಳಿಸಿದ್ದೆ. ಪ್ರೋಗ್ರಾಂ ಸರಳ: ಫೈಲ್ ತೆರೆ, ಹೆಸರು ಓದು, ಮೊದಲ ಅಕ್ಷರ ನೋಡು, ಆ ಅಕ್ಷರದ ಗುಂಪಿಗೆ ಸೇರಿಸು. ಪುಸ್ತಕದಲ್ಲಿ ಇಂಗ್ಲಿಷ್ ಹೆಸರುಗಳಿಗೆ ಇದೇ ಉದಾಹರಣೆ ಇತ್ತು, ನಾನು ಫೈಲಿನ ಹೆಸರಷ್ಟೇ ಬದಲಿಸಿದ್ದೆ. ಯಾವ ಗುಂಪಿನಲ್ಲಿ ಎಷ್ಟು ಮಂದಿ ಅಂತ ಮೊದಲು ಎಣಿಸಿ ತೋರಿಸು ಅಂದೆ. ಅಕ್ಷರಮಾಲೆಯ ಲೆಕ್ಕದಲ್ಲಿ ಮೂವತ್ತಾದರೂ ಗುಂಪು ಬರಬೇಕು. ಬಂದದ್ದು ಎರಡು. ಒಂದರಲ್ಲಿ 1,863 ಮಂದಿ. ಇನ್ನೊಂದರಲ್ಲಿ ಒಬ್ಬರೇ ಒಬ್ಬರು: ಅಂದಾನಪ್ಪ, ಅಂದರೆ ಸ್ಮರಣ ಸಂಚಿಕೆ ಸಮಿತಿಯ ಅಧ್ಯಕ್ಷರು. ಅವರ ಗುಂಪು ಎಲ್ಲರಿಗಿಂತ ಕೊನೆಯಲ್ಲಿತ್ತು.

ನಾನು ನಕ್ಕೆ. ಮಾಲಕರು ನಗಲಿಲ್ಲ. "ಅಧ್ಯಕ್ಷರನ್ನ ಕಡೀಕ ಹಾಕಿದ್ರ ನಮ್ಮ ಬಿಲ್ಲೂ ಕಡೀಕ ಹೋಗ್ತೈತಿ" ಅಂದರು.

ಏನಾಗಿತ್ತು ಅಂತ ಬಿಡಿಸಿಕೊಳ್ಳಲು ನಾಲ್ಕು ರಾತ್ರಿ ಹಿಡಿಯಿತು. ಈ ನಾಲ್ಕು ರಾತ್ರಿಯಲ್ಲಿ ಕಲಿತಷ್ಟು ಮುಂದಿನ ನಾಲ್ಕು ತಿಂಗಳಲ್ಲಿ ಕಲಿಯಲಿಲ್ಲ. ಕಂಪ್ಯೂಟರ್ ಸಂಗ್ರಹಿಸುವುದು ಬೈಟುಗಳನ್ನು, ಅಂದರೆ 0ಯಿಂದ 255ರವರೆಗಿನ ಅಂಕಿಗಳನ್ನು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಮತ್ತು ಆ ಮೂರರಲ್ಲಿ ಮೊದಲನೆಯದು ಯಾವಾಗಲೂ 224. 'ಅ' ಇರಲಿ, 'ಹ' ಇರಲಿ, 224. ತೆಲುಗು, ತಮಿಳು, ದೇವನಾಗರಿಗೂ ಅದೇ 224. ಪೈಥಾನ್ 2 ಫೈಲಿನಿಂದ ಓದಿದ್ದನ್ನು ಬೈಟುಗಳ ಸರವಾಗಿಯೇ ಹಿಡಿದುಕೊಳ್ಳುತ್ತದೆ. ಮೊದಲ ಅಕ್ಷರ ಕೊಡು ಅಂದರೆ ಮೊದಲ ಬೈಟನ್ನು, ಅಂದರೆ ಅಕ್ಷರದ ಮೂರನೇ ಒಂದು ಪಾಲನ್ನು, ಮುರಿದು ಕೈಗಿಟ್ಟಿತ್ತು. ಹಾಗಾಗಿ ಊರಿನವರೆಲ್ಲ 224ರ ಗುಂಪಿಗೆ. ಅಧ್ಯಕ್ಷರ ಕಥೆ ಬೇರೆ. ನೋಟ್‌ಪ್ಯಾಡ್ ಯುಟಿಎಫ್-8 ಆಗಿ ಉಳಿಸುವಾಗ ಫೈಲಿನ ತಲೆಗೆ ಕಣ್ಣಿಗೆ ಕಾಣದ ಒಂದು ಗುರುತು ಅಂಟಿಸುತ್ತಿತ್ತು, ಅದರ ಮೊದಲ ಬೈಟ್ 239. ಯಾದಿಯಲ್ಲಿ ಮೊದಲು ಟೈಪ್ ಆದ ಹೆಸರು ಅವರದೇ ಆದ್ದರಿಂದ ಗುರುತು ಅವರ ಹಣೆಗೆ ಬಿದ್ದಿತ್ತು.

'ಕನ್ನಡ' ಅನ್ನುವ ಪದದ ಉದ್ದವೆಷ್ಟು ಅಂತ ಕೇಳಿ ನೋಡಿದೆ. ಪೈಥಾನ್ 2 ಹೇಳಿತು 15.

ಇದನ್ನು 2ರಲ್ಲಿ ಸರಿ ಮಾಡಲು ಬರುವುದಿಲ್ಲ ಅಂತಲ್ಲ. 2000ದ ಇಸವಿಯ 2.0ರಿಂದಲೇ ಅದರಲ್ಲಿ ಯೂನಿಕೋಡ್ ಎಂಬ ಬೇರೆ ಬಗೆಯ ಪಠ್ಯವಿದೆ. ಉದ್ಧರಣ ಚಿಹ್ನೆಯ ಮುಂದೆ 'ಯು' ಹಚ್ಚಬೇಕು, ಫೈಲ್ ತೆರೆಯಲು ಬೇರೆ ಮಾಡ್ಯೂಲ್ ಕರೆಯಬೇಕು, ಪ್ರೋಗ್ರಾಮಿನ ನೆತ್ತಿಯ ಮೇಲೆ ಇದು ಯುಟಿಎಫ್-8 ಅಂತ ಒಂದು ಸಾಲು ಬರೆಯಬೇಕು, ಇಲ್ಲದಿದ್ದರೆ ಒಳಗೊಂದು ಕನ್ನಡ ಅಕ್ಷರ ಕಂಡ ಕೂಡಲೇ ಅದು ಓಡಲು ನಿರಾಕರಿಸುತ್ತದೆ. ಎಲ್ಲವನ್ನೂ ಮಾಡಿದೆ. ಒಂದು ಕಡೆ 'ಯು' ಮರೆತೆ. ಎರಡು ಬಗೆಯ ಪಠ್ಯ ಕೂಡಿಸುವಲ್ಲಿ ಪ್ರೋಗ್ರಾಂ ಬಿತ್ತು: ಆಸ್ಕಿಗೆ, ಅಂದರೆ ಇಂಗ್ಲಿಷಿನ ಹಳೆಯ ಸಂಕೇತಪಟ್ಟಿಗೆ, ಈ ಬೈಟ್ ಅರ್ಥವಾಗುತ್ತಿಲ್ಲ, 128ರೊಳಗೆ ಇಲ್ಲ. ಯಾವ ಬೈಟ್? ಅದೇ 224. ಇಂಗ್ಲಿಷ್ ಹೆಸರುಗಳಿಗೆ ಇದೇ ತಪ್ಪು ಮಾಡಿದ್ದರೆ ಪೈಥಾನ್ 2 ಗಪ್ಪನೆ ಕೂಡಿಸಿಬಿಡುತ್ತಿತ್ತು, ತಪ್ಪು ತಪ್ಪಾಗಿ ಕಾಣುತ್ತಲೇ ಇರಲಿಲ್ಲ. ಗೆಳೆಯನ ಆಫೀಸಿನಲ್ಲಿ ವರ್ಷಗಟ್ಟಲೆ ಎಲ್ಲ ಸರಿಯಾಗಿ ನಡೆದದ್ದರ ಗುಟ್ಟು ನನಗೆ ಆಗ ಹೊಳೆಯಿತು. ಅವರ ಕೆಲಸದಲ್ಲಿ 128ರಾಚೆಯ ಬೈಟೇ ಇರಲಿಲ್ಲ. ನನ್ನ ಕೆಲಸದಲ್ಲಿ 128ರೊಳಗಿನದು ಅಂದರೆ ಸಾಲುಗಳ ನಡುವಿನ ಎಂಟರ್ ಒತ್ತು ಮತ್ತು ಇನಿಷಿಯಲ್ ಪಕ್ಕದ ಚುಕ್ಕೆ, ಇಷ್ಟೇ.

ಅಂದು ರಾತ್ರಿ ಅವನಿಗೆ ಫೋನ್ ಮಾಡಲಿಲ್ಲ. 2.7 ಇರಲಿ ಅಂತ ಬಿಟ್ಟು ಪಕ್ಕದಲ್ಲೇ ಮತ್ತೆ 3.4 ಹಾಕಿದೆ. ಎಕ್ಸ್‌ಪಿಯಲ್ಲಿ 3.4 ಓಡಿದ್ದು ನನ್ನ ಪುಣ್ಯ, ಮುಂದಿನ 3.5 ಎಕ್ಸ್‌ಪಿಯ ಕೈ ಬಿಟ್ಟಿತು. ಪ್ರೋಗ್ರಾಂ ಇದ್ದದ್ದೇ ಎಪ್ಪತ್ತು ಸಾಲು. ಪ್ರಿಂಟ್‌ಗಳಿಗೆ ಕಂಸ ಹಾಕಿದೆ, 'ಯು'ಗಳನ್ನೆಲ್ಲ ಕಿತ್ತೆ. ಓಡಿಸಿದರೆ ಮೊದಲ ಹೆಸರಿನಲ್ಲೇ ದಬ್ಬೆಂದು ಬಿತ್ತು. 23ನೇ ಜಾಗದ ಬೈಟ್, ಬೆಲೆ 141, ಓದಲಾಗುತ್ತಿಲ್ಲ.

ಸಿಟ್ಟು ಬಂತು. ಆದರೆ ಬೈಟುಗಳ ಹೆದರಿಕೆ ಹೋಗಿತ್ತು. ಕಾಗದ ತೆಗೆದುಕೊಂಡು ಅಂದಾನಪ್ಪನವರನ್ನು ಬಿಡಿಸಿ ಬರೆದೆ. ಕಾಣದ ಗುರುತಿಗೆ ಮೂರು ಬೈಟ್. ಆಮೇಲೆ ಅ, ಸೊನ್ನೆ, ದ, ದೀರ್ಘ, ನ, ಪ. ಸೊನ್ನೆಯಿಂದ ಎಣಿಸುತ್ತ ಹೋದರೆ 23ಕ್ಕೆ ಬಂದು ನಿಂತದ್ದು 'ಪ್ಪ'ದ ನಡುವಿನ ಅರ್ಧಾಕ್ಷರದ ಗುರುತಿನ ಮೂರನೇ ಬೈಟಿನಲ್ಲಿ. ನಮ್ಮ ವಿಂಡೋಸ್ ಆ ಫೈಲನ್ನು ಯುರೋಪಿನ ಹಳೆಯ ಸಂಕೇತಪಟ್ಟಿಯಲ್ಲಿ ಓದಲು ಹೋಗಿತ್ತು. ಆ ಪಟ್ಟಿಯಲ್ಲಿ 141ರ ಮನೆ ಖಾಲಿ. ಅಂದರೆ ಅದು ಎಡವಿದ್ದು ನಮ್ಮ ಒತ್ತಕ್ಷರದ ಹೊಸ್ತಿಲಿಗೆ. ಗದಗ ಸೀಮೆಯ ಹೆಸರುಗಳಲ್ಲಿ ಅಪ್ಪ, ಅವ್ವ, ಗೌಡ್ರು ಇಲ್ಲದ ಮನೆ ಯಾವುದು? ಫೈಲ್ ತೆರೆಯುವಾಗಲೇ ಇದು ಯುಟಿಎಫ್-8 ಅಂತ ಒಂದು ಮಾತು ಹೇಳಿದರೆ ಸಾಕಿತ್ತು. 3 ಎಲ್ಲವನ್ನೂ ತಾನೇ ಮಾಡಿಕೊಡುತ್ತದೆ ಅಂತ ಹೊಗಳುವವರಿಗೆ ನಾನು ಇವತ್ತಿಗೂ ಈ ಕಥೆ ಹೇಳುತ್ತೇನೆ. 3 ಮಾಡಿದ್ದಿಷ್ಟು: ಬೈಟ್ ಬೇರೆ, ಪಠ್ಯ ಬೇರೆ ಅಂತ ಗೋಡೆ ಕಟ್ಟಿತು. ಬಾಗಿಲಲ್ಲಿ ಯಾವ ಭಾಷೆ ಮಾತಾಡಬೇಕು ಅಂತ ನಾವೇ ಹೇಳಬೇಕು.

ಹೇಳಿದೆ. 34 ಗುಂಪು ಬಂದವು. ಕೊನೆಯ ಗುಂಪಿನಲ್ಲಿ ಮತ್ತೆ ಅಂದಾನಪ್ಪನವರು, ಒಬ್ಬರೇ. ಕಾಣದ ಗುರುತು ಇನ್ನೂ ಹಣೆಯ ಮೇಲಿತ್ತು. ಅದನ್ನು ಒರೆಸಿ ಓದುವ ಇನ್ನೊಂದು ಸಂಕೇತನಾಮ ಪೈಥಾನಿನಲ್ಲೇ ಇದೆ ಅಂತ ಹುಡುಕಿ ಹಾಕಿದ ಮೇಲೆ ಅವರು ಹೋಗಿ 'ಅ'ದಲ್ಲಿ ಕೂತರು. ರಾತ್ರಿ ಹನ್ನೊಂದೂವರೆ. ಪ್ರೆಸ್ಸಿನಲ್ಲಿ ನಾನೊಬ್ಬನೇ, ಜೋರಾಗಿ ಕೂಗಿಕೊಂಡೆ. ವಾಚ್‌ಮನ್ ಬಾಗಿಲು ಬಡಿದ.

ಉದ್ದ ಮತ್ತೆ ಕೇಳಿದೆ. 'ಕನ್ನಡ'ಕ್ಕೆ ಪೈಥಾನ್ 3 ಕೊಟ್ಟ ಉತ್ತರ 5.

ಮರುದಿನ ಕರಡು ಅಚ್ಚು ತೆಗೆದು ಪ್ರೂಫ್ ನೋಡುವ ಮಾಸ್ತರಿಗೆ ಕೊಟ್ಟೆ. ನಿವೃತ್ತ ಕನ್ನಡ ಶಿಕ್ಷಕರು, ಕೆಂಪು ಪೆನ್ನು ಇಲ್ಲದೆ ಊಟಕ್ಕೂ ಕೂಡುವವರಲ್ಲ. ಹತ್ತು ನಿಮಿಷಕ್ಕೆ ಕರೆ ಬಂತು. "ತಮ್ಮಾ, ಕಸ್ತೂರಿಗಿಂತ ಮೊದ್ಲ ಕಳಕಪ್ಪ ಹ್ಯಾಂಗ ಬಂದ? ಳ ಯಾವಾಗ ಎದ್ದು ಬಂದು ಲ ಮಗ್ಗಲಕ್ಕ ಕುಂತ್ತು?" ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ ಳ. ಯೂನಿಕೋಡ್ ಪಟ್ಟಿಯಲ್ಲಿ ಲ, ಳ, ಆಮೇಲೆ ವ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಮನೆ ಮಾಡಿದ್ದ ಹಳೆಯ ಇಸ್ಕಿ ಪಟ್ಟಿಯನ್ನು ಯೂನಿಕೋಡ್ ಅನುಸರಿಸಿದ್ದರಿಂದ ಹಾಗಾಗಿದೆ. ಪೈಥಾನ್ ಆ ಸಂಖ್ಯೆಗಳ ಕ್ರಮದಲ್ಲೇ ಸಾರ್ಟ್ ಮಾಡುತ್ತದೆ, 2 ಆದರೂ ಅಷ್ಟೇ, 3 ಆದರೂ ಅಷ್ಟೇ. ಮಾಸ್ತರು ಹೇಳಿದ ಹಾಗೆ ವರ್ಣಮಾಲೆಯನ್ನು ಒಂದು ಸಾಲಿನಲ್ಲಿ ಬರೆದು, ಇದೇ ಕ್ರಮ ಹಿಡಿ ಅಂತ ಪ್ರೋಗ್ರಾಮಿಗೆ ಕಲಿಸಿದೆ. ಕಳಕಪ್ಪ ತನ್ನ ಜಾಗಕ್ಕೆ ಹೋದ. ಸಿದ್ಧವಾದ ಯಾದಿಯನ್ನು ಮತ್ತೆ ನುಡಿಗೆ ತಿರುಗಿಸಿ ಪೇಜ್‌ಮೇಕರ್‌ಗೆ ಹರಿಸಿದೆ. ಹತ್ತು ಸಾಲಿನ ಕೆಲಸ ಒಂದೂವರೆ ತಿಂಗಳು ತಿಂದಿತ್ತು. ಕೈಯಿಂದ ಜೋಡಿಸಿದ್ದರೆ ಒಂದು ವಾರ!

ಆಮೇಲೆ 3ನ್ನು ಬಿಡಲಿಲ್ಲ. ಹಳೆಯ ಪುಸ್ತಕವನ್ನೇ ಇಟ್ಟುಕೊಂಡು, ಪ್ರತಿ ಉದಾಹರಣೆಯನ್ನೂ 2ರಿಂದ 3ಕ್ಕೆ ತಿದ್ದಿ ಬರೆಯುತ್ತ ಕಲಿತೆ. ಗೆಳೆಯ ವರ್ಷಕ್ಕೊಮ್ಮೆ ಜಾತ್ರೆಗೆ ಬಂದಾಗ ಚೇಷ್ಟೆ ಮಾಡುತ್ತಿದ್ದ, ನಿನ್ನ ಮೂರಕ್ಕ ಯಾರರೇ ಪಗಾರ ಕೊಟ್ರೇನು ಅಂತ. 2019ರ ದೀಪಾವಳಿಗೆ ಬಂದಾಗ ಅವನ ಮುಖ ಸೊರಗಿತ್ತು. 2020ರ ಜನವರಿ 1ಕ್ಕೆ 2.7ರ ಕಾಲ ಮುಗಿಯುವುದಿತ್ತು, ಆಫೀಸಿನ ಲಕ್ಷಾಂತರ ಸಾಲುಗಳನ್ನು 3ಕ್ಕೆ ದಾಟಿಸುವ ತಂಡಕ್ಕೆ ಅವನನ್ನೇ ಹಾಕಿದ್ದರು. "ಬೈಟ್ ಎಲ್ಲಿ, ಪಠ್ಯ ಎಲ್ಲಿ ಅಂತ ಒಬ್ಬರೂ ಬರದಿಟ್ಟಿಲ್ಲಲೇ" ಅಂತ ಗೋಳಾಡಿದ. ಅಂದಾನಪ್ಪನವರ 23ನೇ ಬೈಟಿನ ಕಥೆ ಹೇಳಿದೆ. ಅವನು ಮೊದಲ ಸಲ ಪೂರ್ತಿ ಕೇಳಿದ.

ಈಗ ಆ ಎರಡು ಗುಂಡಿಗಳಿಲ್ಲ. 2.7.18 ಅಂತ ಕೊನೆಯ ಬಿಡುಗಡೆ 2020ರ ಏಪ್ರಿಲ್‌ನಲ್ಲಿ ಬಂತು, ಅಲ್ಲಿಗೆ ಮುಗಿಯಿತು. ಆದರೂ ಪ್ರಶ್ನೆ ಪೂರ್ತಿ ಸತ್ತಿಲ್ಲ. ಪ್ರತಿ ಅಕ್ಟೋಬರಿಗೆ 3ರಲ್ಲೇ ಒಂದು ಹೊಸ ಅಂಕಿ ಬರುತ್ತದೆ. ಕಳೆದ ರಜೆಯಲ್ಲಿ ಅಕ್ಕನ ಮಗಳು ಶ್ರೀದೇವಿ ತನ್ನ ಹಳೆಯ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ಯಾವುದು ಹಾಕಿಕೊಳ್ಳಲಿ ಅಂತ ಕೇಳಿದಳು. ನಾನು ವಿಚಾರ ಮಾಡುವ ಪ್ರಸಂಗವೇ ಬರಲಿಲ್ಲ. ಅದರಲ್ಲಿದ್ದದ್ದು ವಿಂಡೋಸ್ 7, ಅದರ ಮೇಲೆ ಕೂಡುವುದು 3.8ರವರೆಗೆ ಮಾತ್ರ. ಆ 3.8ನ್ನೇ ಹಾಕಿಕೊಟ್ಟೆ. ಕಲಿಯುವ ಮೊದಲ ವರ್ಷಕ್ಕೆ ಅದರಲ್ಲಿ ಇಲ್ಲದ್ದು ಏನೂ ಇಲ್ಲ.

ಪ್ರಿಂಟ್, ಕಂಸ, ತನ್ನ ಹೆಸರು. ಓಡಿತು. ಉದ್ದ ಕೇಳು ಅಂದೆ. ಕೇಳಿದಳು. ಪರದೆ ನೋಡಿದಳು, ಬೆರಳು ಮಡಚಿ ಎಣಿಸಿದಳು, ಮತ್ತೆ ಪರದೆ ನೋಡಿದಳು.

"ಮಾಮಾ, ಇದು ತಪ್ಪ ಐತಿ. ನಂದು ಮೂರ ಅಕ್ಷರದ ಹೆಸರು. ಇದು ಎಂಟು ಅನ್ನಾಕತ್ತೈತಿ."

"ಒಂದು ಕಾಗದ ತಗೊಂಬಾ" ಅಂದೆ.